‘ದುರ್ಗಾಸ್ತಮಾನ’ ಓದಿದವರೆಲ್ಲ ಸೇರಿ ಎರಡು ದಿನ ಚಿತ್ರದುರ್ಗಕ್ಕೆ: ಯಾವ ಜಾಗ ಬಿಡಬಾರದು?

ರಾಜಾಜಿನಗರದ ಓದುಗಿ
ಎಲ್ಲರಿಗೂ ನಮಸ್ಕಾರ. ನಮ್ಮ ಓದುಗರ ಗುಂಪಿನಲ್ಲಿ ಈ ವರ್ಷ ತ.ರಾ.ಸು. ಅವರು ಚಿತ್ರದುರ್ಗದ ನಾಯಕರ ಮೇಲೆ ಬರೆದ ಕಾದಂಬರಿಗಳನ್ನು ಹಿಡಿದಿದ್ದೆವು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಎಲ್ಲ ಮುಗಿಸಿ ಹೋದ ತಿಂಗಳು ‘ದುರ್ಗಾಸ್ತಮಾನ’ಕ್ಕೆ ಬಂದೆವು. ಅದನ್ನು ಮುಗಿಸಿದ ದಿನ ಯಾರಿಗೂ ಮಾತೇ ಹೊರಡಲಿಲ್ಲ. ಆಮೇಲೆ ಯಾರೋ ಒಬ್ಬರು “ಹೋಗಿ ನೋಡ್ಕೊಂಡು ಬರೋಣ” ಅಂದರು, ಎಲ್ಲರೂ ಹೂಂ ಅಂದರು.

ಬೆಂಗಳೂರಿನಿಂದ ಶನಿವಾರ ಬೆಳಗಿನ ಜಾವ ಹೊರಟು ಭಾನುವಾರ ರಾತ್ರಿ ವಾಪಸ್. ಹದಿನೈದು ಜನ ಇದ್ದೇವೆ. ಇಬ್ಬರಿಗೆ ಅರವತ್ತು ದಾಟಿದೆ, ಒಬ್ಬರಿಗೆ ಮಂಡಿನೋವು. ಕೋಟೆಯೊಳಗೆ ಅಲ್ಲಲ್ಲಿ ಕೂತು ಕಾದಂಬರಿಯ ಭಾಗಗಳನ್ನು ಜೋರಾಗಿ ಓದಬೇಕು ಅಂತ ಆಸೆ.

ತಕರಾರು ಎಲ್ಲಿ ಅಂದರೆ, ಅರ್ಧ ಜನಕ್ಕೆ ಮದಕರಿ ನಾಯಕರ ಕೋಟೆ ನೋಡಬೇಕು, ಇನ್ನರ್ಧ ಜನಕ್ಕೆ ‘ನಾಗರಹಾವು’ ಚಿತ್ರೀಕರಣ ಆದ ಜಾಗಗಳೇ ಬೇಕು. ಎರಡೂ ಒಂದೇ ದಿನದಲ್ಲಿ ಆಗುತ್ತಾ? ಯಾವ ಭಾಗವನ್ನು ಎಲ್ಲಿ ಕೂತು ಓದಿದರೆ ಚೆನ್ನ? ದುರ್ಗದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ದುರ್ಗದವನು
ಬನ್ನಿ ಬನ್ನಿ. ಮೊದಲನೇ ಮಾತು: ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೇ ಕೋಟೆ ಮುಂದೆ ಇರಿ. ಹತ್ತು ಗಂಟೆ ಮೇಲೆ ಬಂಡೆ ಕಾಯೋಕೆ ಶುರುವಾದರೆ ಓದುವುದು ಹಾಗಿರಲಿ, ಕೂರೋಕೂ ಆಗಲ್ಲ. ಎರಡನೇ ಮಾತು: ಕೈಯಲ್ಲಿ ತಿಂಡಿ ಕವರ್ ಹಿಡಿದು ಓಡಾಡಬೇಡಿ. ಕೋತಿಗಳು ಬಿಡಲ್ಲ.

ರಾಮಾಚಾರಿ ಅಭಿಮಾನಿ
‘ನಾಗರಹಾವು’ ಜಾಗಗಳೇ ಬೇಕು ಅಂದ ಅರ್ಧ ಜನಕ್ಕೆ ನನ್ನ ನಮಸ್ಕಾರ. ಆ ಸಿನಿಮಾ ಬಂದದ್ದು 1972ರಲ್ಲಿ. ಇವತ್ತಿಗೂ ಆ ಮೆಟ್ಟಿಲು ಹತ್ತುವಾಗ ‘ಹಾವಿನ ದ್ವೇಷ’ ತಾನಾಗೇ ಬಾಯಿಗೆ ಬರುತ್ತೆ. ನಮ್ಮ ಕಡೆಯ ಎಷ್ಟೋ ಜನಕ್ಕೆ ದುರ್ಗ ಗೊತ್ತಾಗಿದ್ದೇ ವಿಷ್ಣುವರ್ಧನ್ ಅವರಿಂದ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನಿವೃತ್ತ ಮೇಷ್ಟ್ರು
ನಾಚಿಕೆ ಯಾಕೆ? ಆ ಸಿನಿಮಾದ ಕಥೆಯೂ ತ.ರಾ.ಸು. ಅವರದ್ದೇ ಅಲ್ಲವೇ? ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಮೂರನ್ನೂ ಸೇರಿಸಿ ಪುಟ್ಟಣ್ಣ ಕಣಗಾಲ್ ಸಿನಿಮಾ ಮಾಡಿದರು. ಲೇಖಕರಿಗೆ ಸಿನಿಮಾ ಹಿಡಿಸಲಿಲ್ಲ, ನಾಗರಹಾವನ್ನು ಕೇರೆಹಾವು ಮಾಡಿದರು ಎಂದು ಬೇಸರಪಟ್ಟರು ಎಂಬುದು ಎಲ್ಲರಿಗೂ ಗೊತ್ತಿರುವ ಮಾತು. ನಿಮ್ಮ ಗುಂಪಿನ ಎರಡೂ ಪಕ್ಷದವರು ಒಬ್ಬರೇ ಲೇಖಕರ ಕೈ ಹಿಡಿದು ಬರುತ್ತಿದ್ದೀರಿ. ಜಗಳ ಬೇಡ.

ರಾಮಾಚಾರಿ ಅಭಿಮಾನಿ
ಕೇರೆಹಾವು ಅಂದಿರಬಹುದು ಮೇಷ್ಟ್ರೇ. ಚಾಮಯ್ಯ ಮೇಷ್ಟ್ರ ಪಾತ್ರದಲ್ಲಿ ಅಶ್ವಥ್ ಅವರನ್ನು ನೋಡಿದ ಮೇಲೂ ಆ ಸಿನಿಮಾ ಕಾದಂಬರಿಗಿಂತ ಕಡಿಮೆ ಅಂತ ನಾನು ಒಪ್ಪಲ್ಲ.

ಹೊಳಲ್ಕೆರೆ ಹುಡುಗಿ
ಅಕ್ಕ, ಓಬವ್ವನ ಕಿಂಡಿ ಹತ್ತಿರ ಓಬವ್ವ ನಾಗತಿಯ ಭಾಗ ಓದಿ. ಮೈ ಜುಂ ಅನ್ನುತ್ತೆ!

ಇತಿಹಾಸ ವಿದ್ಯಾರ್ಥಿ
ಇಲ್ಲೊಂದು ಗೊಂದಲ ಇದೆ. ಪ್ರವಾಸಕ್ಕೆ ಹೋಗುವವರು ಮೊದಲು ಇದನ್ನು ಬಿಡಿಸಿಕೊಳ್ಳಬೇಕು. ಓಬವ್ವ ನಾಗತಿ ಬೇರೆ, ಒನಕೆ ಓಬವ್ವ ಬೇರೆ.

ಕಸ್ತೂರಿ ರಂಗಪ್ಪ ನಾಯಕರು ಮಕ್ಕಳಿಲ್ಲದೆ ತೀರಿಕೊಂಡಾಗ ಜಾನಕಲ್ಲಿನಿಂದ ಹನ್ನೆರಡರ ಆಸುಪಾಸಿನ ಹುಡುಗನನ್ನು ಕರೆಸಿ 1754ರಲ್ಲಿ ಪಟ್ಟ ಕಟ್ಟಿದರಲ್ಲ, ಆಗ ಹಿಂದೆ ನಿಂತವರು ರಾಜಮಾತೆ ಗಂಡಿ ಓಬವ್ವ ನಾಗತಿ. ಆ ಹುಡುಗನೇ ಕೊನೆಯ ಮದಕರಿ ನಾಯಕ. ಒನಕೆ ಓಬವ್ವ ಕೋಟೆ ಕಾವಲುಗಾರ ಮುದ್ದಹನುಮನ ಹೆಂಡತಿ. ಗಂಡ ಊಟಕ್ಕೆ ಕೂತಿದ್ದಾಗ ನೀರಿಗೆ ಹೋಗಿ, ಕಿಂಡಿಯಲ್ಲಿ ತೂರಿ ಬರುತ್ತಿದ್ದ ಹೈದರಾಲಿಯ ಸೈನಿಕರನ್ನು ಒನಕೆಯಿಂದ ಹೊಡೆದವಳು. ಒಬ್ಬಾಕೆ ಅರಮನೆಯವರು, ಇನ್ನೊಬ್ಬಳು ಕಾವಲುಗಾರನ ಮನೆಯವಳು. ನಾಗತಿಯ ಭಾಗ ಓದಬೇಕಾದ್ದು ಅರಮನೆ ಬಯಲಲ್ಲಿ, ಕಿಂಡಿಯಲ್ಲಲ್ಲ.

ಹೊಳಲ್ಕೆರೆ ಹುಡುಗಿ
ಸರಿ ಸರ್. ಆದರೂ ಕಿಂಡಿ ಬಿಡಬೇಡಿ ಅಕ್ಕ! ಪಕ್ಕದಲ್ಲೇ ತಣ್ಣೀರು ದೋಣಿ ಇದೆ. ಓಬವ್ವ ನೀರಿಗೆ ಬಂದದ್ದು ಅಲ್ಲಿಗೇ ಅಂತ ನಮ್ಮ ಅಜ್ಜಿ ತೋರಿಸಿದ್ದರು.

ದುರ್ಗದವನು
ಕಿಂಡಿ ವಿಷಯ ಬಂತು, ಹೇಳಿಬಿಡ್ತೀನಿ. ಸಿನಿಮಾದಲ್ಲಿ ಜಯಂತಿ ಅವರನ್ನು ನೋಡಿ ಬಂದವರು ಅಲ್ಲಿ ದೊಡ್ಡ ಬಾಗಿಲು ಇರುತ್ತೆ ಅಂದುಕೊಂಡಿರ್ತಾರೆ. ಇರುವುದು ಬಂಡೆ ಬಂಡೆ ನಡುವಿನ ಸಂದು. ತಲೆ ತಗ್ಗಿಸಿ, ಭುಜ ಓರೆ ಮಾಡಿ, ಒಂದು ಕೈ ಬಂಡೆಗೆ ಊರಿ ನುಗ್ಗಬೇಕು. ಹೊರಬರುವ ಗಳಿಗೆಯಲ್ಲಿ ಮೊದಲು ಆಚೆ ಬರುವುದು ತಲೆಯೇ. ಹಾಗೆ ಒಂದು ಸಲ ತೂರಿ ಬಂದರೆ ಸಾಕು, ಒಬ್ಬಳೇ ಹೆಂಗಸು ಅಷ್ಟು ಜನರನ್ನು ಹೇಗೆ ತಡೆದಳು ಅಂತ ಯಾರೂ ವಿವರಿಸಬೇಕಾಗಿಲ್ಲ. ಬರುವವನಿಗೆ ಕತ್ತಿ ಎತ್ತೋಕೂ ಜಾಗ ಇಲ್ಲ.

ನಿಮ್ಮ ಗುಂಪಿನವರನ್ನು ಒಬ್ಬೊಬ್ಬರಾಗಿ ಕಿಂಡಿಯಲ್ಲಿ ತೂರಿಸಿ. ಓದುವುದೆಲ್ಲ ಆಮೇಲೆ.

ಕಲ್ಲುಕಂಬ
ಎಲ್ಲರೂ ಕಿಂಡಿ, ಕಿಂಡಿ ಅಂತೀರಿ. ಕೋಟೆ ಕಟ್ಟಿದವರ ಕೆಲಸ ನೋಡಿ ಸ್ವಾಮಿ. ನಾನು ಸಿವಿಲ್ ಎಂಜಿನಿಯರ್, ನನ್ನ ಕಣ್ಣು ಹೋಗುವುದು ಅಲ್ಲಿಗೇ.

ದಾರಿಯಲ್ಲಿ ಬಂಡೆಗಳ ಮೇಲೆ ಸಾಲಾಗಿ ಚಿಕ್ಕ ಚಿಕ್ಕ ಗುಳಿಗಳು ಕಾಣುತ್ತವೆ. ಬಂಡೆ ಸೀಳೋಕೆ ಬೆಣೆ ಇಟ್ಟ ಗುರುತು ಅವು. ಕೆಲವು ಕಡೆ ಗುಳಿ ಹೊಡೆದು ಸೀಳದೆ ಹಾಗೇ ಬಿಟ್ಟಿದ್ದಾರೆ. ಯಾಕೆ ನಿಲ್ಲಿಸಿದರೋ, ಕೈಗೆ ಬೇರೆ ಕೆಲಸ ಬಂತೋ, ಮುತ್ತಿಗೆಯೇ ಬಂತೋ! ಆ ಗುಳಿಯಲ್ಲಿ ಬೆರಳಿಟ್ಟು ನೋಡಿ, ಒಳಗೆ ಉಳಿ ಆಡಿದ ಗೆರೆ ಸಿಗುತ್ತೆ. ಹಾಗೆ ಸೀಳಿದ ಕಲ್ಲುಗಳನ್ನು ಗಾರೆ ಇಲ್ಲದೆ ಒಂದರ ಮೇಲೊಂದು ಕೂರಿಸಿದ ಗೋಡೆಗಳು ಇವತ್ತಿಗೂ ನಿಂತಿವೆ.

ಆಮೇಲೆ ನೀರು. ಏಳುಸುತ್ತಿನ ಕೋಟೆ ಅಂತ ಹೆಮ್ಮೆಯಿಂದ ಹೇಳ್ತೀವಿ, ಆದರೆ ತಿಂಗಳುಗಟ್ಟಲೆ ಮುತ್ತಿಗೆ ತಡೆಯಬೇಕಾದರೆ ಒಳಗೆ ನೀರಿರಬೇಕಲ್ವಾ? ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿದರೆ ಕೆಳಗಿನ ಅಕ್ಕ-ತಂಗಿ ಹೊಂಡಕ್ಕೆ ನೀರು. ಅಲ್ಲಿಂದ ಇಳಿದು ಊರೊಳಗಿನ ಸಿಹಿನೀರು ಹೊಂಡ, ಸಂತೆ ಹೊಂಡ. ಬಿದ್ದ ಮಳೆಯನ್ನು ಹನಿಯೂ ಪೋಲಾಗದಂತೆ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದ್ದಾರೆ. ದುರ್ಗದಂಥ ಒಣ ಸೀಮೆಯಲ್ಲಿ! ನನ್ನ ಪಾಲಿಗೆ ಕಾದಂಬರಿಯ ನಿಜವಾದ ನಾಯಕ ಈ ಹೊಂಡಗಳೇ.

ಶಾರ್ಜಾ ಕನ್ನಡಿಗ
ಕಲ್ಲುಕಂಬ ಅವರೇ, ಓದ್ತಾ ಓದ್ತಾ ಊರು ಕಣ್ಮುಂದೆ ಬಂತು. ನಾನು ಹುಟ್ಟಿದ್ದು ಸಂತೆ ಹೊಂಡದ ಹತ್ತಿರ. ಇಲ್ಲಿ ಕಡಲ ನೀರನ್ನು ಸಿಹಿ ಮಾಡಿ ಕುಡಿಯುವಾಗೆಲ್ಲ ಆ ಹೊಂಡ ನೆನಪಾಗುತ್ತೆ. ರಜೆಗೆ ಬಂದಾಗ ಮಕ್ಕಳನ್ನು ಮೊದಲು ಅಲ್ಲಿಗೇ ಕರೆದುಕೊಂಡು ಹೋಗುವುದು.

ರಾಜಾಜಿನಗರದ ಓದುಗಿ
ಎಲ್ಲರಿಗೂ ಧನ್ಯವಾದ, ಎಲ್ಲ ಬರೆದುಕೊಳ್ಳುತ್ತಿದ್ದೇನೆ. ಅಕ್ಕ-ತಂಗಿ ಹೊಂಡದ ಬಗ್ಗೆ ಒಂದು ಪ್ರಶ್ನೆ. ದುರ್ಗ ಬಿದ್ದಾಗ ನಾಯಕರ ರಾಣಿಯರು ಅಲ್ಲೇ ಹಾರಿ ಪ್ರಾಣ ಬಿಟ್ಟರು ಅಂತ ಕೇಳಿದ್ದೇನೆ. ಕೊನೆಯ ಅಧ್ಯಾಯವನ್ನು ಅಲ್ಲೇ ಕೂತು ಓದೋಣ ಅಂತಿದ್ದೇವೆ.

ಇತಿಹಾಸ ವಿದ್ಯಾರ್ಥಿ
ಅದು ಜನರ ಬಾಯಲ್ಲಿ ಬಂದ ಕಥೆ. ಚರಿತ್ರೆಯಲ್ಲಿ ಗಟ್ಟಿಯಾಗಿ ಸಿಗುವುದು ಇಷ್ಟು: 1779ರಲ್ಲಿ ಕೋಟೆ ಹೈದರಾಲಿಯ ಕೈಗೆ ಹೋಯಿತು, ಮದಕರಿ ನಾಯಕರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಕಾದಂಬರಿಯ ಕೊನೆಯನ್ನು ಹೊಂಡದ ದಡದಲ್ಲಿ ಓದಿ “ಇಲ್ಲೇ ನಡೆದದ್ದು” ಅಂತ ಹೇಳಿಬಿಟ್ಟರೆ ಕೇಳುವವರು ಅದನ್ನೇ ಇತಿಹಾಸ ಅಂದುಕೊಳ್ಳುತ್ತಾರೆ. ನನಗೆ ಇದು ಸರಿ ಕಾಣಲ್ಲ.

ಅಮ್ಮನ ಮಗ
ಕಥೆ ಓದೋಕೆ ಹೋಗೋರಿಗೆ ದಾಖಲೆ ಯಾಕ್ರೀ?

ಇತಿಹಾಸ ವಿದ್ಯಾರ್ಥಿ
ಬೇಕು ರೀ. ಹೈದರ್ ಸುಮ್ನೆ ಒಂದು ದಿನ ಎದ್ದು ಬಂದು ಕೋಟೆ ಹಿಡಿಯಲಿಲ್ಲ. ಒಂದು ಕಡೆ ಮರಾಠರು, ಇನ್ನೊಂದು ಕಡೆ ಹೈದರ್, ನಡುವೆ ದುರ್ಗ. ಮದಕರಿ ನಾಯಕರು ಮರಾಠರ ಕಡೆಗೆ ವಾಲಿದರು ಅನ್ನುವುದೇ ಹೈದರನ ಸಿಟ್ಟು. ಪಕ್ಕದ ಹರಪನಹಳ್ಳಿ, ರಾಯದುರ್ಗದ ಪಾಳೆಯಗಾರರ ಜೊತೆಗೂ ಹಳೇ ಹಗೆ. ಇದೆಲ್ಲ ಗೊತ್ತಿದ್ದರೆ ಕಾದಂಬರಿಯಲ್ಲಿ ಅವರು ಒಂದೊಂದು ತೀರ್ಮಾನ ಮಾಡುವಾಗ ಎಷ್ಟು ಇಕ್ಕಟ್ಟಿನಲ್ಲಿದ್ದರು ಅಂತ ಅರ್ಥವಾಗುತ್ತೆ. ಗೊತ್ತಿಲ್ಲದಿದ್ದರೆ ಒಬ್ಬ ಒಳ್ಳೆಯವನು, ಒಬ್ಬ ಕೆಟ್ಟವನು, ಅಷ್ಟೇ.

ಗಡಿನಾಡ ಗೌಡ
ಹೈದರ್ ಮಾತು ಬಂತಲ್ಲ, ಈಗ ಶುರುವಾಗುತ್ತೆ ನೋಡಿ. ಟಿಪ್ಪು ಸುಲ್ತಾನ್ ಬಗ್ಗೆ

ನಿವೃತ್ತ ಮೇಷ್ಟ್ರು
ಬೇಡಪ್ಪಾ, ಆ ಚರ್ಚೆಗೆ ಬೇರೆ ಜಾಗ ಇದೆ. ಇಲ್ಲಿ ಪಾಪ ಅವರು ಬಸ್ಸು, ಊಟ, ಓದು ಕೇಳಿದ್ದಾರೆ.

ನನ್ನ ಅಭಿಪ್ರಾಯ ಹೇಳುತ್ತೇನೆ. ತ.ರಾ.ಸು. ಈ ಊರಿನ ಗಾಳಿಯಲ್ಲೇ ಬೆಳೆದವರು. ಮನೆತನ ಚಳ್ಳಕೆರೆ ತಾಲ್ಲೂಕಿನ ತಳುಕು. ಕನ್ನಡದ ವಿದ್ವಾಂಸ ಟಿ.ಎಸ್. ವೆಂಕಣ್ಣಯ್ಯನವರು ಅವರ ದೊಡ್ಡಪ್ಪ. ದುರ್ಗದ ನಾಯಕರ ಮೇಲೆ ಅವರು ಬರೆದದ್ದು ಒಂದೆರಡು ಪುಸ್ತಕವಲ್ಲ, ಸಾಲು ಸಾಲು ಕಾದಂಬರಿ. 1984ರಲ್ಲಿ ತೀರಿಕೊಂಡರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅದನ್ನು ಅವರ ಕೈಗೆ ಕೊಡಲಾಗಲಿಲ್ಲ ಎಂಬ ಕೊರಗು ನನಗೆ ಇವತ್ತಿಗೂ ಇದೆ.

ಇಷ್ಟು ವರ್ಷ ಒಂದೇ ಊರನ್ನು ಎದೆಯಲ್ಲಿಟ್ಟುಕೊಂಡು ಬರೆದವರ ಪುಸ್ತಕವನ್ನು ಆ ಊರಲ್ಲೇ ಕೂತು ಓದುವುದಕ್ಕೆ ಯಾರ ಅಪ್ಪಣೆಯೂ ಬೇಡ. ಹೊಂಡದ ಬಳಿಯೇ ಓದಿ. ಓದುವ ಮೊದಲು “ಇದು ಕಾದಂಬರಿ, ಜನ ಹೀಗೆ ಹೇಳುತ್ತಾರೆ, ದಾಖಲೆ ಹೀಗಿದೆ” ಎಂದು ಎರಡು ಮಾತು ಹೇಳಿ. ಕೇಳುವವರು ದಡ್ಡರಲ್ಲ.

ಇತಿಹಾಸ ವಿದ್ಯಾರ್ಥಿ
ಆ ಎರಡು ಮಾತು ಹೇಳುವುದಾದರೆ ನನ್ನ ತಕರಾರಿಲ್ಲ. ಆದರೆ ಹೇಳಲೇಬೇಕು. ನಾನು ಕೇಳಿದ ಓದುಗಳಲ್ಲಿ ಯಾರೂ ಹೇಳಿದ್ದೇ ಇಲ್ಲ.

ಚಾರಣಪ್ರಿಯ
ಮಂಡಿನೋವು ಇರುವವರ ಬಗ್ಗೆ ಯಾರೂ ಮಾತಾಡಲೇ ಇಲ್ಲ. ಕಾಮನ ಬಾಗಿಲಿನಿಂದ ಏಕನಾಥೇಶ್ವರಿ ಗುಡಿ, ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರದವರೆಗೆ ನಿಧಾನಕ್ಕೆ ಹತ್ತಬಹುದು. ಮೆಟ್ಟಿಲು ಇವೆ, ನಡುನಡುವೆ ಕೂರೋಕೆ ನೆರಳೂ ಸಿಗುತ್ತೆ. ತುಪ್ಪದ ಕೊಳದ ಕಡೆಯ ಬಂಡೆ ಮಾತ್ರ ಅವರಿಗೆ ಬೇಡ. ಬಂಡೆಗೆ ಕೊರೆದ ಪುಟ್ಟ ಪುಟ್ಟ ಕಚ್ಚುಗಳಲ್ಲಿ ಅಂಗಾಲಿನ ಮುಂಭಾಗ ಮಾತ್ರ ಹಿಡಿಯುತ್ತೆ. ಹತ್ತುವಾಗ ಏನೂ ಅನ್ನಿಸಲ್ಲ, ಇಳಿಯುವಾಗ ಜೀವ ಬಾಯಿಗೆ ಬರುತ್ತೆ. ಮಳೆ ಬಂದಿದ್ದರೆ ಯಾರೂ ಹತ್ತಲೇಬೇಡಿ. ಒಳ್ಳೆ ಹಿಡಿತದ ಶೂ ಹಾಕಿ, ಚಪ್ಪಲಿ ಬೇಡ.

ಹೊಳಲ್ಕೆರೆ ಹುಡುಗಿ
ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ಒಂದು ಇಟ್ಟಿದ್ದಾರೆ, ದೊಡ್ಡ ಭೇರಿಯೂ ಇದೆ. ಗುಂಪಿನಲ್ಲಿ ಮಕ್ಕಳಿದ್ದರೆ ಖಂಡಿತ ತೋರಿಸಿ. ಅಲ್ಲೇ ಹತ್ತಿರ ಕಲ್ಲಿನ ಉಯ್ಯಾಲೆ ಕಂಬ ಇದೆ, ಎಲ್ಲರೂ ನಿಂತು ಫೋಟೋ ತೆಗೆಸಿಕೊಳ್ಳುವುದು ಅಲ್ಲೇ.

ಕಲ್ಲುಕಂಬ
ಫೋಟೋ ಆಮೇಲೆ. ಮದ್ದು ಬೀಸುವ ಕಲ್ಲು ನೋಡಿದ್ದೀರಾ? ತಗ್ಗಿನಲ್ಲಿ ನಾಲ್ಕು ಭಾರಿ ಬೀಸುಕಲ್ಲುಗಳಿವೆ, ಬಂದೂಕು ಫಿರಂಗಿಗೆ ಮದ್ದು ಅರೆಯೋಕೆ. ಕಾದಂಬರಿಯಲ್ಲಿ ಯುದ್ಧ ಅಂದರೆ ಕುದುರೆ, ಕತ್ತಿ, ಜಯಘೋಷ ಕಣ್ಣಿಗೆ ಬರುತ್ತೆ. ಆ ತಗ್ಗಿನ ಅಂಚಲ್ಲಿ ನಿಂತಾಗ ಹಗಲೂ ರಾತ್ರಿ ಆ ಕಲ್ಲು ತಿರುಗಿಸಿದವರ ನೆನಪು ಬರುತ್ತೆ. ಅವರ ಹೆಸರು ಎಲ್ಲೂ ಇಲ್ಲ.

ರಾಮಾಚಾರಿ ಅಭಿಮಾನಿ
ಸಂಜೆ ಹೊತ್ತಿಗೆ ‘ಬಾರೇ ಬಾರೇ’ ಹಾಡಿನ ಜಾಗಗಳನ್ನೂ ನೋಡಿ. ಇಡೀ ಹಾಡನ್ನು ನಿಧಾನಗತಿಯಲ್ಲಿ ತೆಗೆದಿದ್ದಾರೆ. ಬಿಸಿಲು ಇಳಿದ ಮೇಲೆ ಬಂಡೆಗಳಿಗೆ ಅದೇ ಬಣ್ಣ ಬರುತ್ತೆ. ಕಾವಲಿನವರು ಸೀಟಿ ಹೊಡೆಯುವ ಮೊದಲೇ ಕೆಳಗಿಳಿಯಿರಿ, ಸಂಜೆ ಆರರ ಮೇಲೆ ಒಳಗೆ ಬಿಡಲ್ಲ.

ದುರ್ಗದವನು
ಅರಮನೆ ಅಂತ ಹುಡುಕಿಕೊಂಡು ಹೋಗುವವರಿಗೆ ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಲ್ಲಿ ಮಹಲು ಇಲ್ಲ, ಮೈಸೂರು ಅರಮನೆ ಥರ ಏನೂ ಇಲ್ಲ. ದಪ್ಪ ದಪ್ಪ ಮಣ್ಣಿನ ಗೋಡೆಗಳು ಉಳಿದಿವೆ, ಪಕ್ಕದಲ್ಲಿ ನಾಣ್ಯ ಅಚ್ಚು ಹಾಕುತ್ತಿದ್ದ ಟಂಕಸಾಲೆ. ಹೊರಗಿನವರು ಬಂದು “ಅಷ್ಟೇನಾ?” ಅಂತಾರೆ. ನನಗಂತೂ ಕೋಟೆಯಲ್ಲೆಲ್ಲ ತುಂಬಾ ಇಷ್ಟದ ಜಾಗ ಅದೇ. ಇಷ್ಟು ಮಳೆ ಬಿಸಿಲಿಗೆ ಮಣ್ಣು ನಿಂತಿದೆಯಲ್ಲ! ಗೋಡೆ ಮುಟ್ಟಬೇಡಿ, ಒರಗಬೇಡಿ. ಹುಡುಗರು ಹೆಸರು ಕೆತ್ತುವುದನ್ನು ನೋಡಿ ನೋಡಿ ಸಾಕಾಗಿದೆ. ನಿಮ್ಮ ಗುಂಪಿನ ಎದುರು ಯಾರಾದರೂ ಕೆತ್ತುತ್ತಿದ್ದರೆ ದಯವಿಟ್ಟು ಸುಮ್ನಿರಬೇಡಿ, ಗದರಿಸಿ.

ಅಮ್ಮನ ಮಗ
ಊಟ?

ಶಾರ್ಜಾ ಕನ್ನಡಿಗ
ಬಿಸಿ ಮೆಣಸಿನಕಾಯಿ ಬಜ್ಜಿ, ಒಗ್ಗರಣೆ ಮಂಡಕ್ಕಿ! ಸಂಜೆ ಗಾಡಿ ಹತ್ತಿರ ನಿಂತು ತಿನ್ನಬೇಕು. ಇಲ್ಲಿ ಎಷ್ಟು ದುಡ್ಡು ಕೊಟ್ಟರೂ ಆ ರುಚಿ ಸಿಗಲ್ಲ.

ಗಡಿನಾಡ ಗೌಡ
ಮಂಡಕ್ಕಿ ಅಂದರೆ ದಾವಣಗೆರೆ. ದುರ್ಗದಲ್ಲಿ ಸಿಗುವುದು ಅದರ ನಕಲು.

ದುರ್ಗದವನು
ಗೌಡ್ರೇ, ಒಂದು ಸಲ ಬಂದು ತಿಂದು ಆಮೇಲೆ ಮಾತಾಡಿ. ದಾವಣಗೆರೆಗೆ ಬೆಣ್ಣೆ ದೋಸೆ ಬಿಟ್ಟುಕೊಟ್ಟಿದ್ದೀವಿ, ಮೆಣಸಿನಕಾಯಿ ಬಿಡಲ್ಲ.

ಚಾರಣಪ್ರಿಯ
ಬೆಂಗಳೂರಿನಿಂದ ಹೆದ್ದಾರಿಯಲ್ಲಿ ಸುಮಾರು 200 ಕಿ.ಮೀ. ಹದಿನೈದು ಜನಕ್ಕೆ ಒಂದು ಟಿ.ಟಿ. (ಟೆಂಪೊ ಟ್ರಾವೆಲರ್) ಮಾಡಿಕೊಂಡರೆ ಭಾನುವಾರ ಊರ ಹೊರಗಿನ ಜಾಗಗಳಿಗೂ ಅನುಕೂಲ. ರೈಲು ನೆಚ್ಚಿಕೊಳ್ಳಬೇಡಿ, ಚಿಕ್ಕಜಾಜೂರಿನಲ್ಲಿ ಇಳಿದು ಮತ್ತೆ ಬಸ್ಸು ಹುಡುಕಬೇಕಾಗುತ್ತೆ.

ನಿವೃತ್ತ ಮೇಷ್ಟ್ರು
ಭಾನುವಾರ ಬೆಳಿಗ್ಗೆ ಚಂದ್ರವಳ್ಳಿಗೆ ಹೋಗಿ. ಕದಂಬ ಮಯೂರವರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಶಾಸನ ಅಲ್ಲಿನ ಬಂಡೆಯ ಮೇಲಿದೆ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಅಲ್ಲಿ ಉತ್ಖನನ ಮಾಡಿಸಿದರು. ನಾಯಕರು ಬರುವುದಕ್ಕೆ ಎಷ್ಟೋ ಶತಮಾನ ಮೊದಲೇ ಈ ನೆಲದಲ್ಲಿ ಊರು, ಕೆರೆ, ವ್ಯಾಪಾರ ಎಲ್ಲ ಇತ್ತು. ಅಂಕಲಿ ಮಠದ ಗುಹೆಗಳಿಗೆ ಮಾತ್ರ ಒಬ್ಬ ಗೈಡ್ ಇಲ್ಲದೆ ಇಳಿಯಬೇಡಿ. ಒಳಗೆ ಕತ್ತಲೆ, ಕೋಣೆಯೊಳಗೆ ಕೋಣೆ.

ಮಧ್ಯಾಹ್ನ ರಂಗಯ್ಯನ ಬಾಗಿಲ ಹತ್ತಿರದ ವಸ್ತುಸಂಗ್ರಹಾಲಯ ನೋಡಿ. ತೆರೆಯುವ ದಿನವೋ ಅಲ್ಲವೋ ಮೊದಲೇ ವಿಚಾರಿಸಿಕೊಳ್ಳಿ.

ಹೊಳಲ್ಕೆರೆ ಹುಡುಗಿ
ನವೆಂಬರ್ 11ಕ್ಕೆ ಹತ್ತಿರದ ವಾರ ಆದರೆ ಇನ್ನೂ ಚೆಂದ. 2021ರಿಂದ ಅವತ್ತು ಸರ್ಕಾರವೇ ಒನಕೆ ಓಬವ್ವ ಜಯಂತಿ ಮಾಡುತ್ತೆ. ಮಳೆಗಾಲ ಮುಗಿದು ಹೊಂಡಗಳಲ್ಲೂ ನೀರಿರುತ್ತೆ.

ದುರ್ಗದವನು
ಡಿಸೆಂಬರ್, ಜನವರಿ ಮಾತ್ರ ಬೇಡ. ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟಿ ನಿಂತಿರುತ್ತವೆ. ಮಕ್ಕಳು ಬರುವುದು ಸಂತೋಷವೇ, ಆದರೆ ನೀವು ಓದುವುದು ಪಕ್ಕದವರಿಗೂ ಕೇಳಿಸಲ್ಲ.

ರಾಜಾಜಿನಗರದ ಓದುಗಿ
ಹಾಗಾದರೆ ನವೆಂಬರ್ ಎರಡನೇ ವಾರವೇ ಗಟ್ಟಿ. ಗುಂಪಿನಲ್ಲಿ ಮಾತಾಡಿ ಹೀಗೆ ಅಂದುಕೊಂಡಿದ್ದೇವೆ. ಶುಕ್ರವಾರ ರಾತ್ರಿಯೇ ಹೊರಟು ದುರ್ಗದಲ್ಲಿ ತಂಗುವುದು. ಶನಿವಾರ ಬೆಳಿಗ್ಗೆ ನೇರ ಅರಮನೆ ಬಯಲು, ಅಲ್ಲಿ ಪಟ್ಟಾಭಿಷೇಕದ ಭಾಗದ ಓದು. ಆಮೇಲೆ ಮದ್ದಿನ ಕಲ್ಲು, ಹೊಂಡಗಳು. ಅಕ್ಕ-ತಂಗಿ ಹೊಂಡದ ಹತ್ತಿರ ಕೊನೆಯ ಅಧ್ಯಾಯ. ಓದುವ ಮೊದಲು ಮೇಷ್ಟ್ರು ಹೇಳಿದ ಎರಡು ಮಾತು ನಾನೇ ಹೇಳುತ್ತೇನೆ. ಕಿಂಡಿಯಲ್ಲಿ ಓದು ಇಲ್ಲ, ಬರೀ ತೂರುವುದು. ಸಂಜೆ ಪೂರ್ತಿ ‘ನಾಗರಹಾವು’ ಪಕ್ಷದವರದ್ದು. ಭಾನುವಾರ ಚಂದ್ರವಳ್ಳಿ.

ಇತಿಹಾಸ ವಿದ್ಯಾರ್ಥಿ ಅವರೇ, ನೀವು ಬಿಡುವಾಗಿದ್ದರೆ ಶನಿವಾರ ನಮ್ಮ ಜೊತೆ ಬರುತ್ತೀರಾ? ನಮ್ಮಲ್ಲಿ ಪುಸ್ತಕ ಓದಿದವರಿದ್ದಾರೆ, ದಾಖಲೆ ಓದಿದವರಿಲ್ಲ.

ಇತಿಹಾಸ ವಿದ್ಯಾರ್ಥಿ
ಖಂಡಿತ ಬರುತ್ತೇನೆ. ದಾವಣಗೆರೆಯಲ್ಲೇ ಇದ್ದೇನೆ, ಬೆಳಿಗ್ಗೆ ಮೊದಲನೇ ಬಸ್ಸಿಗೆ ಬಂದು ಕಾಮನ ಬಾಗಿಲ ಹತ್ತಿರ ಕಾಯುತ್ತೇನೆ. ಒಂದೇ ಕೋರಿಕೆ: ಪಟ್ಟಾಭಿಷೇಕದ ಭಾಗ ನನಗೆ ಓದೋಕೆ ಕೊಡಿ. ಪಿಯುಸಿಯಲ್ಲಿ ಆ ಪುಸ್ತಕ ಓದಿದ ಮೇಲೇ ನಾನು ಇತಿಹಾಸ ತೆಗೆದುಕೊಂಡದ್ದು.

ಗಡಿನಾಡ ಗೌಡ
ತಳುಕಿಗೆ ಹೋಗಲ್ವಾ? ಚಳ್ಳಕೆರೆ ದಾಟಿ ಬಳ್ಳಾರಿ ರಸ್ತೆಯಲ್ಲೇ ಇದೆ. ಅವರ ಅಭಿಮಾನಿಗಳು ಅಷ್ಟು ದೂರ ಬಂದು ಆ ಊರಿನ ಮಣ್ಣು ಮೆಟ್ಟದೆ ಹೋಗ್ತೀರಾ?

ರಾಜಾಜಿನಗರದ ಓದುಗಿ
ಭಾನುವಾರ ಮಧ್ಯಾಹ್ನ ಹೋಗಬಹುದು ಗೌಡ್ರೇ. ಚಂದ್ರವಳ್ಳಿ ಬೇಗ ಮುಗಿದರೆ ವಸ್ತುಸಂಗ್ರಹಾಲಯ ಬಿಟ್ಟು ತಳುಕಿಗೇ ಹೊರಡುತ್ತೇವೆ.

ದುರ್ಗದವನು
ಶನಿವಾರ ಬೆಳಿಗ್ಗೆ ಕೋಟೆ ಬಾಗಿಲ ಹತ್ತಿರ ನಾನೂ ಇರ್ತೀನಿ. ಮಂಡಿನೋವಿನವರಿಗೆ ಊರುಗೋಲು ನಾನೇ ತರ್ತೀನಿ, ನೀವು ಹೊತ್ತುಕೊಂಡು ಬರಬೇಡಿ.

ಅಮ್ಮನ ಮಗ
ಟಿ.ಟಿ.ಯಲ್ಲಿ ಇನ್ನೊಂದು ಸೀಟು ಇದೆಯಾ? ನನಗಲ್ಲ, ಅಮ್ಮನಿಗೆ. ‘ದುರ್ಗಾಸ್ತಮಾನ’ ಬಂದ ಕಾಲದಲ್ಲೇ ಓದಿದ್ದಾರೆ, ಕೋಟೆ ಇನ್ನೂ ನೋಡಿಲ್ಲ. ತುಮಕೂರಿನಲ್ಲಿ ಹತ್ತಿಸಿಕೊಂಡರೆ ಸಾಕು, ಹೆದ್ದಾರಿಗೆ ನಾನೇ ಕರೆದುಕೊಂಡು ಬರ್ತೀನಿ.